ಈನಿಡ್ ಟ್ರಾಂಟರ್ ಸಹಿ ಹಾಕಿದ ವರದಿ

ಕಾರು ಬಂದ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೇ ಈನಿಡ್ ಟ್ರಾಂಟರ್ ದಣಿದುಹೋಗಿದ್ದಳು. ಅವಳ ದಿನ ಶುರುವಾಗುತ್ತಿದ್ದದ್ದು ಐದಕ್ಕೆ. ಗಂಡ ವಿಲ್ಫನನ್ನು ಎಬ್ಬಿಸಿ ಕೂರಿಸಬೇಕು, ಮೈ ಒರೆಸಬೇಕು, ಅಂಗಿ ತೊಡಿಸಬೇಕು, ಓಟ್ಸ್ ಗಂಜಿ ಕುಡಿಸಬೇಕು. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಮಾತು ಹತ್ತಿಪ್ಪತ್ತು ಪದಗಳಿಗೆ ಇಳಿದಿತ್ತು. ಆಳು ಮಾತ್ರ ಮೊದಲಿನಷ್ಟೇ ದೊಡ್ಡ ಆಳು. ದಿನಾ ಅವನನ್ನು ಎತ್ತಿ ಇಳಿಸಿ ಐವತ್ತೊಂಬತ್ತರ ಈನಿಡಳ ಸೊಂಟ ಹಣ್ಣಾಗಿತ್ತು. ಒಂಬತ್ತಕ್ಕೆ ಗ್ಲೆನಿಸ್ ಎಂಬ ಸಹಾಯಕಿ ಬಂದು ಮಧ್ಯಾಹ್ನ ಒಂದರವರೆಗೆ ಮನೆಯಲ್ಲಿರುತ್ತಿದ್ದಳು. ಆ ನಾಲ್ಕು ಗಂಟೆ ಈನಿಡ್ ಅಂಗಡಿಯಲ್ಲಿ ದುಡಿಯುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಪಾಲಿಗೆ ವಿಶ್ರಾಂತಿ ಎಂಬುದಿದ್ದರೆ ಅದೇ.

ಅಂಗಡಿ ಎಂದರೆ ಕವೆಂಟ್ರಿಯ ಕಾಲುವೆ ಪಕ್ಕದ ಗಲ್ಲಿಯಲ್ಲಿ ಒಂದು ಇಟ್ಟಿಗೆಯ ಶೆಡ್ಡು. ಬಾಗಿಲ ಮೇಲೆ 'ಟ್ರಾಂಟರ್ ರೇಡಿಯೇಟರ್ಸ್' ಎಂಬ ಬಣ್ಣ ಹೋದ ಹಲಗೆ. ಒಳಗೆ ಬೆಸುಗೆಯ ಮೇಜು, ಗ್ಯಾಸಿನ ಒಲೆ, ಸೋರಿಕೆ ನೋಡುವ ನೀರಿನ ತೊಟ್ಟಿ, ಚಹಾ ಕೆಟಲು. ಆ ಬಾಗಿಲ ಮುಂದೆ ಒಂದು ತಗ್ಗಾದ, ಕಡುಹಸಿರು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಇಪ್ಪತ್ತೈದು ವರ್ಷದ ಹಳೆಯ ಗಾಡಿ. ಆದರೂ ಯಾರೋ ದಿನಾ ಕೆನ್ನೆ ಸವರಿದಂತೆ ಹೊಳೆಯುತ್ತಿತ್ತು. ಅದರಿಂದ ಇಳಿದವರು ರೋಲಂಡ್ ಪೆಪ್ಲೋ. ನಿವೃತ್ತರಾಗುವ ಮುನ್ನ ಔಷಧದ ಅಂಗಡಿ ಇಟ್ಟಿದ್ದವರು, ಈಗ ಊರಿನ ಹಳೆ ಸ್ಪೋರ್ಟ್ಸ್ ಕಾರುಗಳ ಕ್ಲಬ್ಬಿಗೆ ಕಾರ್ಯದರ್ಶಿ.

"ಕಾರು ಮಾರ್ತಾ ಇದೀನಿ ಮಿಸೆಸ್ ಟ್ರಾಂಟರ್," ಎಂದರು ಅವರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನುವವರ ದನಿಯಲ್ಲಿ ಹೇಳಿದರು. "ಲೀಡ್ಸ್ ಕಡೆಯವರೊಬ್ರು ಒಪ್ಪಿದಾರೆ. ಆದ್ರೆ ಇದು ಕುದಿಯೋ ಕಾರು ಅನ್ನೋ ಸುದ್ದಿ ಅವರ ಕಿವಿಗೂ ಬಿದ್ದಿದೆ. ಇಂಜಿನ್ ತಣ್ಣಗಿಡೋ ವ್ಯವಸ್ಥೆ ಪೂರ್ತಿ ಪರೀಕ್ಷೆ ಮಾಡಿಸಿ, ಬಲ್ಲವರ ಕೈಲಿ ಒಂದು ವರದಿ ಬರೆಸಿ ಕೊಡಿ ಅಂದಿದಾರೆ."

"ಬಲ್ಲವರು ಬೇರೆ ಯಾರೂ ಸಿಗಲಿಲ್ವಾ ನಿಮಗೆ?"

"ಕ್ಲಬ್ಬಲ್ಲಿ ಯಾರನ್ನ ಕೇಳಿದ್ರೂ ನಿಮ್ಮ ಹೆಸರೇ ಹೇಳ್ತಾರೆ."

"ಯಾವಾಗ ಕುದಿಯುತ್ತೆ?"

"ಊರೊಳಗೆ ದಿನವಿಡೀ ಓಡ್ಸಿ, ಬಾಯಿ ಬಿಡಲ್ಲ. ಹೆದ್ದಾರಿಗೆ ಹತ್ತಿ, ಸ್ವಲ್ಪ ಜೋರಾಗಿ ಹತ್ತು ಮೈಲಿ ಹೋಗ್ಲಿ, ತಾಪದ ಮುಳ್ಳು ಕೆಂಪು ಗೆರೆ ಮೇಲೆ ಕೂತಿರುತ್ತೆ. ಕೊಂಡ್ಕೊಂಡು ಮೂರು ವರ್ಷ ಆಯ್ತು, ಒಂದು ಸಲವೂ ಸಮುದ್ರ ನೋಡೋಕೆ ಇದರಲ್ಲಿ ಹೋಗಿಲ್ಲ. ಆ ಪ್ರಾಸರ್ ಎರಡು ತಿಂಗಳು ಇಟ್ಕೊಂಡಿದ್ದ. ಪಂಪು ಬದಲಾಯಿಸ್ದ, ಪೈಪು ಬದಲಾಯಿಸ್ದ, ಇಂಜಿನ್ ತಲೆ ಬಿಚ್ಚಿ ಗ್ಯಾಸ್ಕೆಟ್ ಹಾಕ್ದ. ವಾಪಸ್ ಬಂದ ಮೊದಲನೇ ಭಾನುವಾರವೇ ರಸ್ತೆ ಪಕ್ಕ ಹೊಗೆ. ನಮ್ಮ ಕ್ಲಬ್ಬಿನ ಪತ್ರಿಕೇಲಿ ಬರೆದೆನಲ್ಲ, ಓದಿರಬೇಕು ನೀವು."

ಈನಿಡ್ ಓದಿದ್ದಳು. ಊರಿನ ರಿಪೇರಿಯವರೆಲ್ಲ ಓದಿದ್ದರು. ಹೆಸರು ಹಾಕಿರಲಿಲ್ಲ, 'ರೈಲ್ವೆ ಕಮಾನಿನ ಕೆಳಗಿನ ಒಬ್ಬ ಮೆಕ್ಯಾನಿಕ್' ಎಂದಷ್ಟೇ ಇತ್ತು. ಆ ಊರಿನಲ್ಲಿ ಕಮಾನಿನ ಕೆಳಗೆ ಹಳೆ ಕಾರು ಮುಟ್ಟುವವನು ಇಡ್ವಾಲ್ ಪ್ರಾಸರ್ ಒಬ್ಬನೇ. ಅದು ಎರಡು ವರ್ಷದ ಹಿಂದಿನ ಮಾತು. ಆಮೇಲೆ ಕ್ಲಬ್ಬಿನವರು ಒಬ್ಬೊಬ್ಬರೇ ಅವನ ಕಡೆ ಹೋಗುವುದನ್ನು ಬಿಟ್ಟರು. ಈಗ ಅವನು ವಾರಕ್ಕೆ ನಾಲ್ಕು ದಿನ ಬಸ್ ಡಿಪೋದಲ್ಲಿ ಟೈರು ಬದಲಾಯಿಸುತ್ತಾನೆಂದು ಅವಳು ಕೇಳಿದ್ದಳು.

"ಬಿಟ್ಟು ಹೋಗಿ," ಎಂದಳು ಈನಿಡ್. "ಶುಕ್ರವಾರದೊಳಗೆ ಹೇಳ್ತೀನಿ."

ಈನಿಡ್ ಈ ಕಸುಬಿಗೆ ಬಂದದ್ದು ಹದಿನಾರನೇ ವಯಸ್ಸಿಗೆ. ಊರಿನ ಕಾರು ಕಾರ್ಖಾನೆಗಳಿಗೆ ರೇಡಿಯೇಟರ್ ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಬೆಸುಗೆಯ ಮೇಜುಗಳಿದ್ದವು. ಅಲ್ಲಿ ಕೂರುತ್ತಿದ್ದವರೆಲ್ಲ ಹುಡುಗಿಯರು, ನಲವತ್ತು ಜನ. ತೆಳ್ಳಗಿನ ಬೆರಳುಗಳು ಬೇಕಾದ ಕೆಲಸ ಅದು. ಹಿತ್ತಾಳೆಯ ಟ್ಯಾಂಕಿಗೂ ತಾಮ್ರದ ನಾಳಗಳಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಯಾರದೋ ಇಂಜಿನ್ ಕೆಡುತ್ತಿತ್ತು. ಗಾಡಿ ತಳ್ಳಿಕೊಂಡು ಬರುತ್ತಿದ್ದ ವಿಲ್ಫ್ ಟ್ರಾಂಟರ್ ಅವಳ ಮೇಜಿನ ಹತ್ತಿರ ಮಾತ್ರ ಯಾಕೆ ಅಷ್ಟು ಹೊತ್ತು ನಿಲ್ಲುತ್ತಾನೆ ಎಂದು ಉಳಿದ ಮೂವತ್ತೊಂಬತ್ತು ಜನಕ್ಕೂ ಗೊತ್ತಿತ್ತು. ಮದುವೆಯಾದ ಮೇಲೆ ಅರವತ್ತಮೂರನೇ ಇಸವಿಯಲ್ಲಿ ಇಬ್ಬರೂ ಕೆಲಸ ಬಿಟ್ಟು ಈ ಶೆಡ್ಡು ಹಿಡಿದರು. ಬಿಚ್ಚುವುದು, ಹೊರುವುದು, ಗಿರಾಕಿಗಳ ಜೊತೆ ಹರಟೆ ಹೊಡೆಯುವುದು ವಿಲ್ಫನ ಪಾಲು. ಬೆಸುಗೆ ಅವಳದು. ರಿಪೇರಿಯಾದ ಪ್ರತಿ ರೇಡಿಯೇಟರಿನ ತಲೆಯ ಮೇಲೂ ಹೆಬ್ಬೆರಳಿನಷ್ಟು ಹಿತ್ತಾಳೆಯ ಬಿಲ್ಲೆಯೊಂದನ್ನು ಅವಳು ಅಂಟಿಸುತ್ತಿದ್ದಳು: ಅಂಗಡಿಯ ಹೆಸರು, ತಾರೀಖು. ಮಕ್ಕಳಿರಲಿಲ್ಲ. ಸುತ್ತಲ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಹೊಸ ಕಾರುಗಳಿಗೆ ಪ್ಲಾಸ್ಟಿಕ್ ಟ್ಯಾಂಕು ಬಂತು. ಅದು ಕೆಟ್ಟರೆ ಬಿಸಾಡುತ್ತಾರೆ, ಬೆಸುಗೆ ಹಾಕಿಸುವುದಿಲ್ಲ. ಉಳಿದದ್ದು ಇಂಥ ಹಳೆ ಗಾಡಿಗಳು, ಅವುಗಳ ಹುಚ್ಚು ಹಿಡಿದ ಮಂದಿ.

ಪೆಪ್ಲೋ ಅವರ ಕಾರಿನ ಬಾನೆಟ್ ಎತ್ತಿದಾಗ ಅವಳಿಗೆ ಮೊದಲು ಕಂಡದ್ದೇ ಆ ಬಿಲ್ಲೆ. 27-3-92. ಹಿಂದಿನ ಮಾಲೀಕ ಮಾಡಿಸಿದ್ದಿರಬೇಕು. ಸದ್ಯ, ರೇಡಿಯೇಟರ್ ಒಂದರ ಚಿಂತೆಯಿಲ್ಲ ಎಂದುಕೊಂಡಳು.

ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಅವಳು ಏನನ್ನೂ ಮುಟ್ಟಲಿಲ್ಲ. ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತಿರುಗಿಸಿ ಮುಖ ಸುಟ್ಟುಕೊಂಡ ಮೂವರನ್ನು ಅವಳು ಬಲ್ಲಳು, ಅವರಲ್ಲಿ ವಿಲ್ಫನೂ ಒಬ್ಬ. ಚಹಾ ಕುಡಿದು, ಚೀಸು ಉಪ್ಪಿನಕಾಯಿ ಇಟ್ಟ ಬ್ರೆಡ್ಡು ಅರ್ಧ ತಿಂದು, ಆಮೇಲೆ ಶುರು ಮಾಡಿದಳು. ಮುಚ್ಚಳದ ರಬ್ಬರು ಬಿರುಕು ಬಿಟ್ಟಿರಲಿಲ್ಲ, ಸ್ಪ್ರಿಂಗು ಗಟ್ಟಿಯಾಗಿತ್ತು. ಒಳಗಿನ ನೀರು ತಿಳಿ ಹಸಿರು. ತುಕ್ಕಿನ ಕಂದು ಇಲ್ಲ, ಎಣ್ಣೆಯ ಜಿಡ್ಡಿಲ್ಲ. ಪೈಪುಗಳನ್ನು ಒಂದೊಂದಾಗಿ ಹಿಂಡಿ ನೋಡಿದಳು. ಹಳೆ ರಬ್ಬರು ಬೆರಳಿಗೆ ಅಂಟುತ್ತದೆ, ಇಲ್ಲವೇ ಒಣ ರೊಟ್ಟಿಯಂತೆ ಕರಕರ ಎನ್ನುತ್ತದೆ. ಇವು ಎರಡೂ ಅಲ್ಲ. ಫ್ಯಾನಿನ ಬೆಲ್ಟು ಬಿಗಿಯಾಗಿತ್ತು. ಪಂಪಿನ ಕೆಳಗೆ ಒಂದು ಹನಿಯ ಗುರುತೂ ಇರಲಿಲ್ಲ. ಬಿಸಿ ಏರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ಬಿಚ್ಚಿ ಹಳೇ ಪಾತ್ರೆಯೊಂದರ ನೀರಿಗೆ ಇಳಿಬಿಟ್ಟು ಒಲೆ ಹಚ್ಚಿದಳು. ಎಂಬತ್ತೆರಡು ಡಿಗ್ರಿಗೆ ಅದು ಸದ್ದಿಲ್ಲದೆ ಬಾಯಿ ತೆರೆಯಿತು.

ಪ್ರಾಸರ್ ಹಾಕಿದ ಗ್ಯಾಸ್ಕೆಟ್ಟನ್ನು ಅವಳು ಕಣ್ಣಿಟ್ಟು ನೋಡಿದಳು. ಅಂಚಿನ ಗೆರೆ ನೇರವಾಗಿತ್ತು. ಬೋಲ್ಟುಗಳಿಗೆ ಬಣ್ಣದ ಚುಕ್ಕೆ ಇಟ್ಟು ಬಿಗಿದ ಲೆಕ್ಕ ಇಟ್ಟಿದ್ದ. ಕೆಲಸ ಕದ್ದವನು ಮಾಡುವ ಕೆಲಸ ಇದಲ್ಲ ಎನ್ನಿಸಿತು. ಎರಡು ವರ್ಷದ ಹಿಂದೆ ಆ ಪತ್ರಿಕೆ ಓದಿದಾಗ, ಇರಬಹುದೇನೋ, ಇಡ್ವಾಲನಿಗೂ ವಯಸ್ಸಾಯಿತು ಎಂದು ತಾನೂ ಅಂದುಕೊಂಡದ್ದು ನೆನಪಾಯಿತು.

ಎಲ್ಲ ಸೇರಿಸಿ ಇಂಜಿನ್ ಚಾಲೂ ಮಾಡಿದಳು. ಸುಮ್ಮನೆ ಓಡುವಾಗ ಮುಳ್ಳು ನಡುವಿನಲ್ಲಿ ನಿಂತಿತು. ಅರ್ಧ ಗಂಟೆಯಾದರೂ ಅಲುಗಲಿಲ್ಲ. ಆಮೇಲೆ ಒಂದು ಕೈಯಿಂದ ವೇಗ ಏರಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಕೆಳಗೆ ನೋಡುತ್ತ ನಿಂತಳು. ಸೊಂಟ ಚುರುಗುಟ್ಟುತ್ತಿತ್ತು. ಮೂರನೇ ನಿಮಿಷಕ್ಕೆ, ರೇಡಿಯೇಟರಿನಿಂದ ಪಂಪಿಗೆ ಹೋಗುವ ಕೆಳಗಿನ ಪೈಪು, ಯಾರೋ ಒಳಗಿನಿಂದ ಉಸಿರೆಳೆದಂತೆ ಚಪ್ಪಟೆಯಾಯಿತು. ವೇಗ ಇಳಿಸಿದಳು, ಪೈಪು ಉಬ್ಬಿಕೊಂಡಿತು. ಏರಿಸಿದಳು, ಮತ್ತೆ ಚಪ್ಪಟೆ.

ಪೈಪು ಮೆತ್ತಗಿರಬಹುದು. ಒಳಗೆ ತಂತಿಯ ಸುರುಳಿಯಿರುವ ಗಟ್ಟಿ ಪೈಪೊಂದನ್ನು ಹುಡುಕಿ ಹಾಕಿದಳು. ಈ ಸಲ ಪೈಪು ಅಲುಗಲಿಲ್ಲ, ಆದರೆ ಮುಳ್ಳು ಮೇಲೇರಿತು. ಪಂಪು ನೀರು ಕೇಳುತ್ತಿದೆ, ರೇಡಿಯೇಟರ್ ಕೊಡುತ್ತಿಲ್ಲ. ಅಷ್ಟು ಹೊತ್ತಿಗೆ ಒಂದು ಗಂಟೆಯಾಗಿತ್ತು. ಅವಳು ಕೈತೊಳೆದು ಮನೆಗೆ ಹೋದಳು.

ಬುಧವಾರ ಬೆಳಿಗ್ಗೆ ರೇಡಿಯೇಟರ್ ಕಳಚಿ ಮೇಜಿಗೆ ತಂದಳು. ಕೆಳಗಿನ ಬಾಯಿಗೆ ರಬ್ಬರಿನ ಬಿರಡೆ ಹಾಕಿ, ಮೇಲಿನವರೆಗೆ ನೀರು ತುಂಬಿ, ನೆಟ್ಟಗೆ ನಿಲ್ಲಿಸಿ, ಬಿರಡೆ ಕಿತ್ತಳು. ಒಳ್ಳೆ ರೇಡಿಯೇಟರ್ ಆದರೆ ನೀರು ಒಂದೇ ಸಲಕ್ಕೆ ಭೋರೆಂದು ಸುರಿದು ಮುಗಿಯಬೇಕು. ಇದೂ ಭೋರೆಂದು ಸುರಿಯಿತು. ಆಮೇಲೆ ಯಾರೋ ಒಳಗಿನಿಂದ ಅಂಗೈ ಅಡ್ಡ ಇಟ್ಟಂತೆ ತಟ್ಟನೆ ಸಣ್ಣಗಾಗಿ, ತೊಟ್ಟಿಕ್ಕತೊಡಗಿತು.

ಅವಳು ಟಾರ್ಚಿನ ಬೆಳಕು ಬಿಟ್ಟು, ದಂತವೈದ್ಯರು ಹಿಡಿಯುವಂಥ ಪುಟ್ಟ ಕನ್ನಡಿಯನ್ನು ಬಾಯೊಳಗೆ ತೂರಿಸಿದಳು. ಒಳಗೆ ಏನೋ ಮೆತ್ತಗಿನದು ಮುದುರಿಕೊಂಡಿತ್ತು. ತಂತಿಯೊಂದನ್ನು ಕೊಕ್ಕೆಯಾಗಿ ಬಗ್ಗಿಸಿ, ಎಳೆದೆಳೆದು, ಎರಡು ಸಲ ಜಾರಿ, ಮೂರನೇ ಸಲಕ್ಕೆ ಅದು ಹೊರಗೆ ಬಂತು. ಬಟ್ಟೆಯ ಚೂರು. ಹಸಿರು ನೀರಿನಲ್ಲಿ ನೆನೆದು ಲೋಳೆಯಾಗಿತ್ತು. ನಲ್ಲಿಯ ಕೆಳಗೆ ಹಿಡಿದು ತೊಳೆದಾಗ ಪಟ್ಟೆಗಳು ಕಂಡವು. ಅಗಲದ್ದೊಂದು, ಸಣ್ಣದೆರಡು, ಮತ್ತೆ ಅಗಲದ್ದೊಂದು.

ಅದು ವಿಲ್ಫನ ರಾತ್ರಿಯ ಪೈಜಾಮದ ಬಟ್ಟೆ. ಹಳೆಯದಾದ ಮೇಲೆ ಅವಳೇ ಹರಿದು ಅಂಗಡಿಗೆ ತಂದಿಟ್ಟುಕೊಂಡದ್ದು. ಬೆಸುಗೆ ಹಾಕುವಾಗ ಕರಗಿದ ಸೀಸ ಒಳಗೆ ಬೀಳದಿರಲೆಂದು ಬಾಯಿಗೆ ತುರುಕುತ್ತಿದ್ದ ಬಟ್ಟೆ.

ಈನಿಡ್ ಸ್ಟೂಲಿನ ಮೇಲೆ ಕೂತಳು. ಯೋಚಿಸುವ ಅಗತ್ಯವೇ ಇರಲಿಲ್ಲ, ಎಲ್ಲವೂ ಕಣ್ಣಿಗೆ ಕಟ್ಟಿತು. ತೊಂಬತ್ತೆರಡರ ಮಾರ್ಚ್, ಬುಧವಾರ. ಅವಳು ಒಂದು ಕೆಳಟ್ಯಾಂಕಿಗೆ ಬೆಸುಗೆ ಹಾಕುತ್ತಿದ್ದಳು. ಫೋನು ಬಂತು: ವ್ಯಾನು ತೆಗೆದುಕೊಂಡು ಹೋಗಿದ್ದ ವಿಲ್ಫ್ ಪೆಟ್ರೋಲ್ ಬಂಕಿನಲ್ಲಿ ಕುಸಿದುಬಿದ್ದಿದ್ದಾನೆ, ಆಸ್ಪತ್ರೆಗೆ ಬನ್ನಿ. ಅವಳು ಒಲೆ ಆರಿಸಿ ಹಾಗೇ ಓಡಿದ್ದಳು. ಮತ್ತೆ ಅಂಗಡಿಗೆ ಬಂದದ್ದು ಒಂಬತ್ತು ದಿನದ ಮೇಲೆ. ಗಿರಾಕಿಗಳು ಕಾಯುತ್ತಿದ್ದರು. ಮುಗಿದಂತೆ ಕಂಡ ರೇಡಿಯೇಟರುಗಳ ಬಾಯಿಗೆ ಬಿರಡೆ ಒತ್ತಿ, ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಹಾಕಿ, ಗುಳ್ಳೆ ಬರಲಿಲ್ಲವೆಂದು ಬಿಲ್ಲೆ ಅಂಟಿಸಿ ಕಳಿಸಿದಳು. ಬಿರಡೆ ಒತ್ತಿದಾಗ ಬಟ್ಟೆ ಒಳಗೆ ಜಾರಿತ್ತು. ನೀರು ಸುರಿಸಿ ನೋಡುವ ಪರೀಕ್ಷೆಯನ್ನು ಆಗಲೇ ಮಾಡಿದ್ದೇನೆ ಎಂದುಕೊಂಡಿದ್ದಳು. ಮಾಡಿರಲಿಲ್ಲ. ಮೆಲ್ಲಗೆ ಓಡಿದರೆ ಬಟ್ಟೆ ತಳದಲ್ಲಿ ಬಿದ್ದಿರುತ್ತಿತ್ತು. ಜೋರಾಗಿ ಓಡಿದರೆ ಪಂಪು ಎಳೆದ ರಭಸಕ್ಕೆ ಹೋಗಿ ಬಾಯಿಗೆ ಕೂರುತ್ತಿತ್ತು.

ಮಧ್ಯಾಹ್ನ ಮನೆಯಲ್ಲಿ ವಿಲ್ಫನಿಗೆ ಸೂಪು ಕುಡಿಸುವಾಗ ಅವಳ ಗಮನ ತಪ್ಪಿ ಅವನ ಗಲ್ಲದ ಮೇಲೆ ಚೆಲ್ಲಿತು. ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ.

"ಏನು?" ಎಂದ. ಅವನಲ್ಲಿ ಉಳಿದಿದ್ದ ಮಾತುಗಳಲ್ಲಿ ಅದೊಂದು.

"ಏನಿಲ್ಲ. ಸೊಂಟ ನೋವು."

ಅವನು ಕೈ ಬಿಡದೆ ಅವಳನ್ನೇ ನೋಡಿದ. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಸೊಂಟನೋವಿನ ಮುಖ ಯಾವುದು ಎಂದು ಗೊತ್ತಿರುತ್ತದೆ. ಅವಳು ಮಾತ್ರ ಹೇಳಲಿಲ್ಲ. ಹೇಳಿದರೆ ಆ ದಿನದ ಮಾತು ಬರುತ್ತದೆ. ಬಂದರೆ ಇದೂ ತನ್ನಿಂದಲೇ ಆಯಿತು ಎಂದು ಅವನು ಆ ಕುರ್ಚಿಯಲ್ಲಿ ಕೂತು ಕೊರಗುತ್ತಾನೆ. ಅವನನ್ನು ಮಲಗಿಸಿ, ಪಾತ್ರೆ ತೊಳೆಯುತ್ತ ನಿಂತಾಗ ಅವಳಿಗೆ ಇನ್ನೊಂದು ಯೋಚನೆ ಬಂತು. ಬಟ್ಟೆಯನ್ನು ಒಲೆಗೆ ಹಾಕಿದರಾಯಿತು. 'ರೇಡಿಯೇಟರಿನಲ್ಲಿ ಅಡಚಣೆಯಿತ್ತು, ತೆಗೆದಿದೆ' ಎಂದು ಬರೆದರಾಯಿತು. ಸುಳ್ಳೂ ಅಲ್ಲ. ಕಾರು ಲೀಡ್ಸಿಗೆ ಹೋಗುತ್ತದೆ. ಯಾರು ಕೇಳುತ್ತಾರೆ? ತನಗೆ ಇನ್ನೊಂದು ಜಗಳಕ್ಕೆ, ಇನ್ನೊಬ್ಬರ ಮುಂದೆ ತಲೆ ತಗ್ಗಿಸುವುದಕ್ಕೆ ಶಕ್ತಿಯೇ ಇಲ್ಲ. ಇದೊಂದನ್ನು ಬಿಟ್ಟುಬಿಟ್ಟರೆ ಯಾರಿಗೇನು ನಷ್ಟ?

ಆದರೆ ಆ ಬೋಲ್ಟುಗಳ ಮೇಲಿನ ಬಣ್ಣದ ಚುಕ್ಕೆಗಳು ಕಣ್ಣ ಮುಂದಿನಿಂದ ಹೋಗಲೊಲ್ಲವು. ಒಂದೊಂದು ಬೋಲ್ಟಿಗೂ ಒಂದೊಂದು ಚುಕ್ಕೆ. ಅಂಥ ಮನುಷ್ಯ ಡಿಪೋದಲ್ಲಿ ಟೈರು ಉರುಳಿಸುತ್ತಿದ್ದಾನೆ.

ಸಂಜೆ ಅವಳು ಪೆಪ್ಲೋ ಅವರಿಗೆ ಫೋನು ಮಾಡಿ ಬರಹೇಳಿದಳು. ಗುರುವಾರ ಬೆಳಿಗ್ಗೆ ಅವರು ಬಂದಾಗ ಬಟ್ಟೆಯನ್ನು ಮೇಜಿನ ಮೇಲೆ ಹರಡಿಟ್ಟಿದ್ದಳು.

"ಇದು ಒಳಗಿತ್ತು. ಇದು ನಂದು," ಎಂದಳು.

ಪೆಪ್ಲೋ ಕನ್ನಡಕ ಸರಿಮಾಡಿಕೊಂಡರು. "ನಿಮ್ಮದು ಅಂದ್ರೆ?"

"ನಾನು ರಿಪೇರಿ ಮಾಡುವಾಗ ತುರುಕಿದ ಬಟ್ಟೆ. ತೆಗೀಲಿಲ್ಲ. ನಿಮ್ಮ ಕಾರು ಇಷ್ಟು ದಿನ ಕುದ್ದಿದ್ದು ನನ್ನಿಂದ. ಪ್ರಾಸರ್ ಮಾಡಿದ್ದ್ರಲ್ಲಿ ಏನೂ ತಪ್ಪಿಲ್ಲ, ನಾನು ಪೂರ್ತಿ ನೋಡಿದೀನಿ. ವರದೀಲಿ ಹಾಗೇ ಬರೀತೀನಿ. ನೀವು ನಿಮ್ಮ ಪತ್ರಿಕೇಲೂ ಬರೀಬೇಕು."

ಅವರು ಬಟ್ಟೆಯನ್ನು ಬೆರಳ ತುದಿಯಿಂದ ಎತ್ತಿ ಮತ್ತೆ ಇಟ್ಟರು. ಮುಖ ಕೆಂಪಾಗಿತ್ತು. ಸಿಟ್ಟಿಗೋ ನಾಚಿಕೆಗೋ ಅವಳಿಗೆ ತಿಳಿಯಲಿಲ್ಲ.

"ಎರಡು ವರ್ಷ ಆಯ್ತಲ್ಲ ಮಿಸೆಸ್ ಟ್ರಾಂಟರ್. ಯಾರಿಗೆ ನೆನಪಿರುತ್ತೆ? ಮತ್ತೆ ಕೆದಕೋದು ಯಾಕೆ? ನಿಮ್ಮ ಹೆಸರೂ ಹಾಳು."

"ಪ್ರಾಸರ್‌ಗೆ ನೆನಪಿರುತ್ತೆ."

"ನಾನು ಅವನ ಹೆಸರು ಹಾಕಿರಲಿಲ್ಲ."

"ಹಾಕೋದೊಂದು ಬಾಕಿ ಇತ್ತು ಅಷ್ಟೆ," ಎಂದಳು ಈನಿಡ್. "ನನ್ನ ಹೆಸರು ಹಾಕಿ. ದಪ್ಪಕ್ಷರದಲ್ಲೇ ಹಾಕಿ, ಪರವಾಗಿಲ್ಲ."

ಪೆಪ್ಲೋ ಕಾಲುವೆಯ ಕಡೆ ತಿರುಗಿದರು. ಆಮೇಲೆ, "ಮೂವತ್ತು ವರ್ಷ ಔಷಧ ಕೊಟ್ಟೆ," ಎಂದರು, ತಮಗೆ ತಾವೇ ಹೇಳಿಕೊಂಡಂತೆ. "ಒಂದು ಸಲ ತಪ್ಪು ಸೀಸೆ ಕೊಟ್ಟಿದ್ದೆ. ಆ ಹೆಂಗಸು ಕುಡಿಯೋಕೆ ಮುಂಚೆ ಓಡಿ ಹೋಗಿ ಹಿಡಿದೆ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ." ಟೋಪಿ ತಲೆಗೇರಿಸಿದರು. "ಬರೀತೀನಿ ಬಿಡಿ."

ಅದೇ ದಿನ ಮಧ್ಯಾಹ್ನ, ವಿಲ್ಫನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ಅವಳು ರೈಲ್ವೆ ಕಮಾನಿಗೆ ಹೋದಳು. ಗುರುವಾರ ಅವನಿಗೆ ಡಿಪೋ ಕೆಲಸವಿಲ್ಲ, ಇಡ್ವಾಲ್ ಅಲ್ಲಿದ್ದ. ಅರವತ್ತು ದಾಟಿದ ಕುಳ್ಳ ಮನುಷ್ಯ. ವೇಲ್ಸಿನಿಂದ ಬಂದು ನಲವತ್ತು ವರ್ಷವಾದರೂ ಮಾತಿನಲ್ಲಿ ಆ ಕಡೆಯ ಏರಿಳಿತ ಹೋಗಿರಲಿಲ್ಲ. ಒಂದು ಕಾಲದಲ್ಲಿ ಮೂರು ನಾಲ್ಕು ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹುಲ್ಲು ಕತ್ತರಿಸುವ ಯಂತ್ರವೊಂದು ಬಿಚ್ಚಿಕೊಂಡು ಬಿದ್ದಿತ್ತು.

"ಓ, ಈನಿಡ್! ಏನು ದಾರಿ ತಪ್ಪಿ ಬಂದೆ? ವಿಲ್ಫ್ ಹೇಗಿದಾನೆ?"

ಅವಳು ನಿಂತೇ ಹೇಳಿದಳು. ಬಟ್ಟೆ, ಬಿರಡೆ, ಬಿಲ್ಲೆ, ಎಲ್ಲವನ್ನೂ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಅವನ ಮುಖದಿಂದ ನಗು ಒಂದೇ ಸಲ ಹೋಗಲಿಲ್ಲ. ಅದು ಇಳಿದುಹೋಗಲು ಹೊತ್ತು ಹಿಡಿಯಿತು, ನೋಡುತ್ತ ನಿಲ್ಲುವುದು ಅವಳಿಗೆ ಕಷ್ಟವಾಯಿತು.

"ಮೊದಲು ಅನುಮಾನ ಬಂದದ್ದೇ ರೇಡಿಯೇಟರ್ ಮೇಲೆ," ಎಂದ ಕಡೆಗೆ. "ಬಿಚ್ಚೋಣ ಅಂತ ಕೈ ಹಾಕ್ದೆ. ನಿಮ್ಮ ಬಿಲ್ಲೆ ಕಂಡಿತು. ಟ್ರಾಂಟರ್ ಅವರ ಕೈಯಿಂದ ಬಂದಿದ್ದು, ಇದರಲ್ಲಿ ಏನಿರುತ್ತೆ ಅಂತ ಬಿಟ್ಟೆ. ಬಿಟ್ಟು ಇಂಜಿನ್ ತಲೆ ಬಿಚ್ಚಿದೆ, ಮಿಸೆಸ್ ಟ್ರಾಂಟರ್."

'ಈನಿಡ್' ಹೋಗಿ 'ಮಿಸೆಸ್ ಟ್ರಾಂಟರ್' ಬಂದಿತ್ತು. 'ನೀನು' ಹೋಗಿ 'ನೀವು'. ಅವಳಿಗೆ ಅದು ಏಟಿಗಿಂತ ಹೆಚ್ಚು ತಾಗಿತು.

"ಗೊತ್ತು," ಎಂದಳು.

"ನಿಮಗೇನು ಗೊತ್ತು? ಪಬ್ಬಿನಲ್ಲಿ ಕ್ಲಬ್ಬಿನವರು ಕೂತಿರ್ತಾರೆ. ನಾನು ಒಳಗೆ ಬಂದ್ರೆ ಮಾತು ನಿಂತುಹೋಗುತ್ತೆ. 'ಏನಪ್ಪಾ ಇಡ್ವಾಲ್, ನಮ್ಮ ಚಹಾ ಕೆಟಲ್ ಕುದೀತಿಲ್ಲ, ಸ್ವಲ್ಪ ನಿನ್ನ ಕೈಯಿಂದ ಮುಟ್ಟಿಕೊಡು' ಅಂತಾರೆ. ಎಲ್ಲರೂ ನಗ್ತಾರೆ. ನಾನೂ ನಗ್ತೀನಿ. ಮನೆಗೆ ಬಂದು ನನ್ನ ಕೈ ನೋಡ್ಕೋತೀನಿ, ಎಲ್ಲಿ ತಪ್ಪಿದೆ ಅಂತ. ಎರಡು ವರ್ಷ ಅದೇ ಆಯ್ತು. ಆ ಇಂಜಿನ್ನನ್ನ ಮನಸ್ಸಲ್ಲೇ ಎಷ್ಟು ಸಲ ಬಿಚ್ಚಿ ಜೋಡಿಸಿದೀನೋ!"

ಮೇಲೆ ರೈಲೊಂದು ಹಾದುಹೋಯಿತು, ಇಟ್ಟಿಗೆಗಳ ನಡುವಿಂದ ಸುಣ್ಣದ ಪುಡಿ ಉದುರಿತು.

"ಬಿಲ್ಲೆ ಮೇಲೆ ತಾರೀಖು ಮಾರ್ಚಿಂದಲ್ವಾ?" ಎಂದ ಇಡ್ವಾಲ್ ತಟ್ಟನೆ. "ತೊಂಬತ್ತೆರಡು. ವಿಲ್ಫ್ ಬಿದ್ದಿದ್ದು ಆಗಲೇ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಇದೆ."

"ಇದ್ರೂ ಅದು ನೆಪ. ನೀರು ಸುರಿಸಿ ನೋಡ್ಬೇಕಿತ್ತು, ನೋಡ್ಲಿಲ್ಲ. ನೆಪ ಹೇಳೋಕೆ ಬಂದಿಲ್ಲ ನಾನು."

ಅವನು ಹುಲ್ಲಿನ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ನಟ್ಟನ್ನು ಎತ್ತಿಕೊಂಡು ಒರೆಸತೊಡಗಿದ. "ನನಗೆ ಸಿಟ್ಟು ಹೋಗಿಲ್ಲ," ಎಂದ.

"ಹೋಗ್ಬೇಕಾಗಿಲ್ಲ."

"ಹೋಗುತ್ತೋ ಇಲ್ವೋ, ಅದನ್ನೂ ಹೇಳಲಾರೆ."

"ಸರಿ."

ಅವಳು ತಿರುಗಿ ಹೊರಟಳು. ಹತ್ತು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಅವನು ಕೂಗಿ ಕೇಳಿದ, "ಪಂಪು ಹೇಗಿತ್ತು? ನಾನು ಹಾಕಿದ್ದು?"

"ಒಂದು ಹನಿ ಸೋರಿಲ್ಲ," ಎಂದಳು ಈನಿಡ್.

ಶುಕ್ರವಾರ ರೇಡಿಯೇಟರನ್ನು ತೊಳೆದು, ಮೂರು ಸಲ ನೀರು ಸುರಿಸಿ ನೋಡಿ, ಕಾರಿಗೆ ಕೂರಿಸಿದಳು. ನೀರಿಗೆ ಹೊಸ ಹಸಿರು ಕೂಲೆಂಟ್ ಬೆರೆಸಿ ಹಾಕಿ, ಪೈಪುಗಳನ್ನು ಹಿಸುಕಿ ಹಿಸುಕಿ ಒಳಗಿನ ಗಾಳಿ ಹೊರಡಿಸಿದಳು. ಹತ್ತೂವರೆಗೆ ಪೆಪ್ಲೋ ಬಂದರು. ಹೆದ್ದಾರಿಯಲ್ಲಿ ಓಡಿಸಿ ನೋಡದೆ ವರದಿ ಬರೆಯುವ ಹಾಗಿರಲಿಲ್ಲ. ಅವರು ಓಡಿಸುವುದು, ಅವಳು ಪಕ್ಕದಲ್ಲಿ ಕೂತು ಮುಳ್ಳು ನೋಡುತ್ತ ಐದು ಮೈಲಿಗೊಮ್ಮೆ ಬರೆದುಕೊಳ್ಳುವುದು, ಎರಡನೇ ತಿರುವಿನಲ್ಲಿ ವಾಪಸಾಗುವುದು ಎಂದು ಮಾತಾಯಿತು.

ಮೇ ತಿಂಗಳ ಬಿಸಿಲು. ಕಾರಿನ ಮೇಲ್ಚಾವಣಿ ಮಡಚಿಟ್ಟಿತ್ತು. ಸೀಟು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಈನಿಡ್‌ಗೆ ತೊಟ್ಟಿಲಲ್ಲಿ ಮಲಗಿದಂತಾಯಿತು. ಸುತ್ತ ಗಾಳಿ ಹೋ ಎನ್ನುತ್ತಿತ್ತು, ಆದರೆ ಮುಖಕ್ಕೆ ಬಡಿಯುತ್ತಿರಲಿಲ್ಲ. ಐದು ಮೈಲಿ: ನಡುವಿನಲ್ಲಿ. ಹತ್ತು ಮೈಲಿ: ನಡುವಿನಲ್ಲಿ. ಪೆಪ್ಲೋ ಸ್ಟಿಯರಿಂಗಿನ ಮೇಲೆ ಬಾಗಿ, ಉಸಿರು ಬಿಗಿಹಿಡಿದು ಮುಳ್ಳನ್ನೂ ರಸ್ತೆಯನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಹದಿನೈದನೆಯ ಮೈಲಿಯನ್ನು ಅವಳು ಬರೆದುಕೊಂಡಳೋ ಇಲ್ಲವೋ, ಅದು ಅವಳಿಗೇ ನೆನಪಿಲ್ಲ.

ಎಚ್ಚರವಾದಾಗ ಕಾರು ನಿಂತಿತ್ತು. ಯಾವುದೋ ವಿಶ್ರಾಂತಿ ತಾಣದ ಅಂಗಳ, ಎದುರಿಗೆ ಲಾರಿಗಳ ಸಾಲು. ಅವಳ ಮೇಲೆ ಒಂದು ಉಣ್ಣೆಯ ಕೋಟು ಹೊದಿಸಿತ್ತು. ಪೆಪ್ಲೋ ಬಾನೆಟ್ಟಿಗೆ ಒರಗಿಕೊಂಡು ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು.

"ಗಂಟೆ ಎಷ್ಟು?" ಈನಿಡ್ ಗಾಬರಿಯಾಗಿ ಎದ್ದು ಕೂತಳು. "ವಿಲ್ಫ್... ಒಂದಕ್ಕೆ ಗ್ಲೆನಿಸ್ ಹೋಗ್ಬಿಡ್ತಾಳೆ!"

"ಒಂದೂ ಕಾಲು. ಗ್ಲೆನಿಸ್ ಹೋಗಿಲ್ಲ. ಇಲ್ಲಿಂದ ನಿಮ್ಮ ಮನೆಗೆ ಫೋನ್ ಮಾಡ್ದೆ. ಮೂರರವರೆಗೂ ಇರ್ತೀನಿ, ಮಲಗಲಿ ಬಿಡಿ ಅಂದ್ಲು. ನೀವು ಬೈದ್ರೆ ಬೈಸ್ಕೊಳ್ಳೋಣ ಅಂತ ತಿರುವಿನಲ್ಲಿ ತಿರುಗಲಿಲ್ಲ. ನಾರ್ಥಾಂಪ್ಟನ್ ದಾಟಿದೀವಿ." ಅವರು ಇನ್ನೊಂದು ಲೋಟವನ್ನು ಅವಳ ಕೈಗೆ ಕೊಟ್ಟರು. ಅವರ ಕೂದಲು ಗಾಳಿಗೆ ನೆಟ್ಟಗೆ ನಿಂತಿತ್ತು. "ಕುದೀಲಿಲ್ಲ ಮಿಸೆಸ್ ಟ್ರಾಂಟರ್. ಗಂಟೆಗೆ ಎಂಬತ್ತು ಮೈಲಿ ವೇಗ ಕೊಟ್ಟೆ, ಪೊಲೀಸರಿಗೆ ಹೇಳ್ಬೇಡಿ. ಮುಳ್ಳು ಮಿಸುಕಾಡಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಚಹಾ ಬೆಚ್ಚಗಿತ್ತು. ಎಷ್ಟೋ ತಿಂಗಳಾದ ಮೇಲೆ ಕುತ್ತಿಗೆಯ ನರ ಸಡಿಲವಾಗಿತ್ತು. ಅವಳು ಮತ್ತೆ ಸೀಟಿಗೆ ಒರಗಿದಳು.

ಪತ್ರಿಕೆಯ ಜೂನ್ ಸಂಚಿಕೆಯಲ್ಲಿ ಒಂದು ಇಡೀ ಪುಟ ಬಂತು. ಪೆಪ್ಲೋ ಪ್ರಾಸರನ ಹೆಸರು ಹಾಕಿ ಕ್ಷಮೆ ಕೇಳಿದ್ದರು. ಈನಿಡಳ ಹೆಸರು ಅವಳು ಹೇಳಿದಷ್ಟು ದಪ್ಪಕ್ಷರದಲ್ಲಿ ಇರಲಿಲ್ಲ, ಆದರೆ ಇತ್ತು. ಆಮೇಲೆ ಮೂರು ಗಿರಾಕಿಗಳು ಅವಳನ್ನು ಬಿಟ್ಟುಹೋದರು. ಕ್ಲಬ್ಬಿನ ಆರೇಳು ಜನ ಕಮಾನಿನ ಕಡೆ ಮತ್ತೆ ಹೋಗತೊಡಗಿದರು. ಇಡ್ವಾಲ್ ಡಿಪೋ ಕೆಲಸವನ್ನು ಎರಡು ದಿನಕ್ಕೆ ಇಳಿಸಿದ. ಅವಳ ಜೊತೆ ಅವನ ಮಾತು ಮೊದಲಿನಂತಾಗಲಿಲ್ಲ. ಕ್ರಿಸ್‌ಮಸ್ಸಿಗೆ ಅವನಿಂದ ಒಂದು ಕಾರ್ಡು ಬಂತು. 'ವಿಲ್ಫನಿಗೆ' ಎಂದಷ್ಟೇ ಬರೆದಿತ್ತು. ಅವಳು ಅದನ್ನು ಓದಿ ಹೇಳಿದಾಗ ವಿಲ್ಫ್ ಎಡಗೈ ಚಾಚಿ ಇಸಿದುಕೊಂಡು ಎದೆಯ ಮೇಲಿಟ್ಟುಕೊಂಡ. ಕಾರು ಲೀಡ್ಸಿಗೆ ಹೋಗಲಿಲ್ಲ. ಪೆಪ್ಲೋ ಮಾರುವುದಿಲ್ಲವೆಂದು ಕೊಳ್ಳುವವರಿಗೆ ಬರೆದುಬಿಟ್ಟರು.

ಅಂದರೆ ಆ ವರದಿ ಯಾರಿಗೂ ಬೇಕಾಗಿರಲಿಲ್ಲ. ಆದರೂ ಆ ಶುಕ್ರವಾರ ಸಂಜೆ, ವಿಲ್ಫ್ ಮಲಗಿದ ಮೇಲೆ, ಈನಿಡ್ ಅಡುಗೆಮನೆಯ ಮೇಜಿನ ಮುಂದೆ ಕೂತು ಅದನ್ನು ಬರೆದು ಮುಗಿಸಿದ್ದಳು. ಮುಚ್ಚಳ, ಪೈಪು, ಪಂಪು, ಬೆಲ್ಟು, ಥರ್ಮೋಸ್ಟ್ಯಾಟ್ ಎಂದು ಸಾಲಾಗಿ ಬರೆದು, ದೋಷ ಯಾರದೆಂದು ಬರೆದು, ಹೆದ್ದಾರಿಯ ಪರೀಕ್ಷೆಯ ಅಂಕಣಕ್ಕೆ ಬಂದಾಗ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ಆಮೇಲೆ ಬರೆದಳು: 'ಮೊದಲ ಹತ್ತು ಮೈಲಿ ತಾಪ ಸರಿಯಾಗಿತ್ತು, ನಾನೇ ನೋಡಿದ್ದೇನೆ. ಉಳಿದ ದಾರಿಯಲ್ಲಿ ನಾನು ನಿದ್ದೆ ಮಾಡುತ್ತಿದ್ದೆ. ಆ ಭಾಗವನ್ನು ಮಾಲೀಕರ ಮಾತಿನ ಮೇಲೆ ಬರೆದಿದೆ.' ಕೆಳಗೆ ಸಹಿ ಹಾಕಿ, ಮೇಜಿನ ದೀಪ ಆರಿಸಿದಳು.